ಸನಿಂದಭಕ್ತಿ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ನಿವೇದಿಸಿಕೊಳ್ಳಬೇಕೆಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆಯಾದ್ದರಿಂದ, ಅದನ್ನು ಮೀರುವ ಧಾರ್ಷ್ಟ್ಯ ನನಗಿಲ್ಲ. ಪ್ರಕೃತ ಗ್ರಂಥದ ವಿಷಯವು, ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯವರು 1963ನೆಯ ಇಸವಿ ನವೆಂಬರ್ 23ನೆಯ ತಾರೀಖು ಶನಿವಾರ ಸಂಜೆ ಐದೂಕಾಲರ ಸುಮಾರಿಗೆ ಲೋಕಕ್ಕೆ ಬಿಟ್ಟು, 1989ರಲ್ಲಿ ಮಲಗಿಸಿ, 1996ರಲ್ಲಿ ಒಂದು ಚಲನಚಿತ್ರದ ರೂಪದಿಂದ ನಿದ್ರೆಯಲ್ಲೇ ಮಗ್ಗುಲು ಬದಲಿಸುವಂತೆ ಮಾಡಿ, 2005ರಲ್ಲಿ ಮತ್ತೆ ಎಬ್ಬಿಸಿ ಕೂರಿಸಿದ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಯೂ, ಅದನ್ನು ಬಿಡಲಾರದೆ ನೋಡುತ್ತ, ನೋಡುತ್ತ ನೋಡುತ್ತಲೇ ಬೈಯುತ್ತ, ಬೈದ ಬಾಯಿ ಆರುವುದರೊಳಗಾಗಿ ಮುಂದಿನ ಕಂತು ಯಾವಾಗ ಎಂದು ವಿಚಾರಿಸುವ, ಸನಿಂದಭಕ್ತನೆಂಬ ಒಂದು ಜಾತಿಯ ಮನುಷ್ಯನೂ ಆಗಿರುವುದು. ಪ್ರಯೋಜನವು, ನಮ್ಮ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ನಡೆಯುತ್ತಿರುವ ಒಂದು ವಾದದಲ್ಲಿ ಗ್ರಂಥಕರ್ತನಿಗೆ ಜಯ. ಸಂಬಂಧವು ಪ್ರತಿಪಾದ್ಯ-ಪ್ರತಿಪಾದಕಭಾವ, ಹಾಗೆಂದರೇನೆಂಬುದು ನನಗೂ ಅಷ್ಟು ಸ್ಪಷ್ಟವಿಲ್ಲ, ಆದರೆ ಎಲ್ಲರೂ ಹೀಗೆಯೇ ಬರೆದಿದ್ದಾರೆ. ಇನ್ನು ಅಧಿಕಾರಿ ಯಾರೆಂದರೆ, ಯಾವುದಾದರೊಂದು ಧಾರಾವಾಹಿಯನ್ನು ಕುರಿತು ‘ಇನ್ನು ಇದರ ಮುಖ ನೋಡುವುದಿಲ್ಲ’ ಎಂದು ಒಮ್ಮೆಯಾದರೂ ಪ್ರತಿಜ್ಞೆ ಮಾಡಿ, ಆ ಪ್ರತಿಜ್ಞೆಯನ್ನು ಏಳು ದಿನಗಳ ಕಾಲ ನಿಷ್ಠೆಯಿಂದ ಪಾಲಿಸಿದವನು.

ಮೊದಲು ನಾಮನಿರುಕ್ತಿ. ‘ಹೂ’ ಎಂಬ ಪದವನ್ನು ಕುರಿತು ನಮ್ಮಲ್ಲಿ ಮೂರು ಮತಗಳುಂಟು. ನಮ್ಮ ದೊಡ್ಡಮ್ಮನವರು, ಈ ಹೆಸರನ್ನು ಮೊದಲ ಬಾರಿಗೆ ಕೇಳಿದಾಗ, ಸೇವಂತಿಗೆಯ ಗಿಡಕ್ಕೆ ಹಿಡಿದಿದ್ದ ಹೇನನ್ನು ಹಿಸುಕಿ ತೆಗೆಯುತ್ತಿದ್ದವರು ತಲೆಯೆತ್ತಿ, “ಹೂವಿನ ಡಾಕ್ಟರೇನೋ? ಹಾಗಾದರೆ ಇದನ್ನೂ ಒಂದು ಸಲ ನೋಡಿ ಹೋಗಲಿ” ಎಂದರು. ಇದು ಪುಷ್ಪವಾದಿಗಳ ಮತ. ಸರಳವೂ ಸುಂದರವೂ ಆದರೂ ಅಗ್ರಾಹ್ಯ. ಎರಡನೆಯದು, ಅದು ಆಂಗ್ಲಭಾಷೆಯಲ್ಲಿ ‘ಯಾರು’ ಎಂಬರ್ಥದ ಪ್ರಶ್ನಾರ್ಥಕ ಸರ್ವನಾಮವೆಂಬುದು. ಕಥಾನಾಯಕನು ತನ್ನ ಹೆಸರನ್ನು ಯಾರಿಗೂ ಹೇಳದೆ ಬರಿದೆ ‘ಡಾಕ್ಟರ್’ ಎಂದು ಕರೆದುಕೊಳ್ಳುತ್ತಾನಾದ್ದರಿಂದ ‘ಯಾವ ಡಾಕ್ಟರು?’ ಎಂಬ ಪ್ರಶ್ನೆಯೇ ಧಾರಾವಾಹಿಗೆ ಹೆಸರಾಯಿತೆಂಬುದು ವಿದ್ವತ್ಸಮ್ಮತವಾದ ಪಕ್ಷ. ಮೂರನೆಯದು, ಕಥೆ ಕೇಳುವವರು ನಡುನಡುವೆ ‘ಹೂಂ’ ಎನ್ನುತ್ತಾರಲ್ಲ, ಆ ಹೂಂಕಾರದಿಂದಲೇ ಈ ಹೆಸರು ಹುಟ್ಟಿರಬೇಕೆಂಬುದು. ಇದಕ್ಕೆ ಭಾಷಾಶಾಸ್ತ್ರದ ಯಾವ ಆಧಾರವೂ ಇಲ್ಲವಾದ ಕಾರಣ ಇಲ್ಲಿಯೇ ಕೈಬಿಟ್ಟಿದ್ದೇನೆ.

ಕಥೆಯ ಸ್ವರೂಪ ಸಂಕ್ಷೇಪವಾಗಿ ಇಂತಿದೆ. ಗ್ಯಾಲಿಫ್ರೆ ಎಂಬ ಗ್ರಹದ ಕಾಲಪ್ರಭುಗಳ ಕುಲದಿಂದ ತಪ್ಪಿಸಿಕೊಂಡು ಬಂದ, ಎರಡು ಹೃದಯಗಳುಳ್ಳ ಒಬ್ಬ ಪುರುಷನು, ಲಂಡನ್ನಿನ ಬೀದಿಗಳಲ್ಲಿ ಒಂದಾನೊಂದು ಕಾಲಕ್ಕೆ ನಿಂತಿರುತ್ತಿದ್ದ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯ ಆಕಾರದ ವಾಹನವೊಂದರಲ್ಲಿ ಭೂತಭವಿಷ್ಯಗಳನ್ನೂ ಲೋಕಲೋಕಾಂತರಗಳನ್ನೂ ಸಂಚರಿಸುತ್ತಾನೆ. ಆ ಪೆಟ್ಟಿಗೆ ಹೊರಗಿನಿಂದ ನೋಡಿದರೆ ಇಬ್ಬರು ನಿಂತರೆ ತುಂಬುವಷ್ಟು, ಒಳಹೊಕ್ಕರೆ ಅರಮನೆಯಷ್ಟು. ಬೆಂಗಳೂರಿನ ಬಾಡಿಗೆ ಮನೆಗಳ ಜಾಹೀರಾತನ್ನು ಓದಿ ಹೋಗಿ ನೋಡಿದವರಿಗೆ ಇದರ ವಿಪರ್ಯಯದ ಅನುಭವವಿರುತ್ತದೆ. ಮೊದಲ ಕಥೆಯ ನಾಲ್ಕು ಕಂತುಗಳನ್ನು ನಿರ್ದೇಶಿಸಿದವರು ವಾರಿಸ್ ಹುಸೇನರು, 1938ರಲ್ಲಿ ಲಖನೌದಲ್ಲಿ ಹುಟ್ಟಿದವರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಎಂಬ, ಇನ್ನೂ ಮೂವತ್ತು ತುಂಬದಿದ್ದ ಯುವತಿ. ಮೊದಲ ಕಂತು ಹೊರಬಿದ್ದ ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಕೊಲೆಯಾಗಿದ್ದುದರಿಂದ ಜನರ ಮನಸ್ಸು ಬೇರೆಡೆ ಇದ್ದಿತೆಂದು, ಮುಂದಿನ ಶನಿವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಹುಟ್ಟುತ್ತಲೇ ಪುನರುಕ್ತಿದೋಷ: ಇದು ನನ್ನ ದೋಷಸಂಗ್ರಹದ ಮೊದಲನೆಯ ನಮೂದು.

ದೋಷಸಂಗ್ರಹವೆಂದೆನಲ್ಲವೆ? ಅದರ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನನ್ನ ಅಕ್ಕನ ಮಗನು ಉದ್ಯೋಗನಿಮಿತ್ತ ಕೆಲವು ಕಾಲ ಕಾರ್ಡಿಫ್ ಪಟ್ಟಣದಲ್ಲಿದ್ದನು. 2005ರಿಂದ ಈಚೆಗೆ ಈ ಧಾರಾವಾಹಿ ತಯಾರಾಗುವುದು ಆ ಸೀಮೆಯಲ್ಲಿಯೇ. ಅವನು ರಜೆಗೆ ಬರುವಾಗ, ನನಗೆ ಸ್ವೆಟರನ್ನು ತರುವುದಾಗಿ ಹೇಳಿ, ಡಿ.ವಿ.ಡಿ.ಗಳ ಒಂದು ಕಟ್ಟನ್ನು ತಂದನು. “ನೋಡಿ ಮಾಮ, ನಿಮಗೆ ತಪ್ಪು ಹುಡುಕೋದಕ್ಕೆ ಚೆನ್ನಾಗಿರತ್ತೆ” ಎಂದನು. ಅಂದಿನಿಂದ ಉದ್ದನೆಯ ಒಂದು ಲೆಕ್ಕದ ಪುಸ್ತಕವನ್ನಿಟ್ಟು, ಎಡಗಡೆಯ ಪುಟದಲ್ಲಿ ಗುಣಗಳನ್ನೂ ಬಲಗಡೆಯ ಪುಟದಲ್ಲಿ ದೋಷಗಳನ್ನೂ ಜಮಾ-ಖರ್ಚಿನ ಕ್ರಮದಲ್ಲಿ ಬರೆದುಕೊಂಡು ಬಂದಿದ್ದೇನೆ. ಈಗ ಮೂರನೆಯ ಪುಸ್ತಕ ನಡೆಯುತ್ತಿದೆ. ಬಲಗಡೆಯ ಪುಟಗಳು ಅಂಚಿನವರೆಗೂ ತುಂಬಿ, ಕೆಲವೆಡೆ ಚೀಟಿ ಅಂಟಿಸಬೇಕಾಗಿ ಬಂದಿದೆ. ಎಡಗಡೆಯವು ಬಹುಮಟ್ಟಿಗೆ ಬಿಳಿಯವಾಗಿರುವುದನ್ನು ಕಂಡು ನನ್ನ ಮನೆಯಾಕೆ ಅವುಗಳಲ್ಲಿ ಹಾಲಿನ ಲೆಕ್ಕ ಬರೆಯತೊಡಗಿದ್ದಾಳೆ. ಆಕೆಯದೇ ಈ ಗ್ರಂಥದ ಪೂರ್ವಪಕ್ಷ. “ಬೈಯೋದೇ ಆದರೆ ನೋಡೋದ್ಯಾಕ್ರೀ? ನೋಡೋದೇ ಆದರೆ ಬೈಯೋದ್ಯಾಕೆ?” ಎಂಬೀ ಎರಡು ವಾಕ್ಯಗಳಲ್ಲಿ ತಾರ್ಕಿಕರು ಉಭಯತಃಪಾಶವೆಂದು ಕರೆಯುವ, ಯಾವ ಕಡೆ ಎಳೆದರೂ ಕೊರಳಿಗೇ ಬಿಗಿಯುವ ಹಗ್ಗವೊಂದು ಅಡಗಿದೆ, ಒಗ್ಗರಣೆ ಹಾಕುತ್ತ ಹಾಕುತ್ತ ಇಂತಹ ಹಗ್ಗವನ್ನು ಹೊಸೆಯಬಲ್ಲವರೊಡನೆ ವಾದಕ್ಕಿಳಿದು ಹನ್ನೊಂದು ವರ್ಷ ನಿಂತಿದ್ದೇನೆಂಬುದೇ ನನ್ನ ಪಾಂಡಿತ್ಯಕ್ಕೆ ಸಾಕ್ಷಿ.

ಸಿದ್ಧಾಂತಕ್ಕೆ ಬರುವ ಮುನ್ನ ಕಾಯಕಲ್ಪ ಪ್ರಕರಣವನ್ನು ನೋಡತಕ್ಕುದು. ಮೊದಲ ಡಾಕ್ಟರಾದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಡುತ್ತ ಬಂದು 1966ರ ಅಕ್ಟೋಬರಿನಲ್ಲಿ ಅವರು ಬಿಡಬೇಕಾದಾಗ, ನಿರ್ಮಾಪಕರು ಧಾರಾವಾಹಿಯನ್ನು ನಿಲ್ಲಿಸುವುದಕ್ಕೆ ಮನಸ್ಸಾಗದೆ, ಮುದುಕನು ನೆಲಕ್ಕೆ ಬಿದ್ದು, ಬೆಳಕೊಂದು ಹೊಳೆದು, ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೊಬ್ಬ ನಟರ ಮುಖವಾಗಿ ಏಳುವಂತೆ ಮಾಡಿದರು. ಇದನ್ನು ಪರಕಾಯಪ್ರವೇಶವೆನ್ನಲಾಗದು, ಶಂಕರರು ಅಮರುಕರಾಜನ ದೇಹವನ್ನು ಹೊಕ್ಕ ಕಥೆಯಲ್ಲಿ ಹೊಕ್ಕವರೂ ಬೇರೆ, ಹೊಕ್ಕ ದೇಹವೂ ಬೇರೆ, ಇಲ್ಲಿಯಾದರೋ ಅದೇ ದೇಹವೇ ಬೇರೆಯಾಗುತ್ತದೆ. ಅಶ್ವಿನೀದೇವತೆಗಳು ಮುದುಕ ಚ್ಯವನನನ್ನು ಕೊಳದಲ್ಲಿ ಮುಳುಗಿಸಿ ತರುಣನನ್ನಾಗಿ ಎತ್ತಿದರಲ್ಲ, ಅದಕ್ಕೆ ಇದು ಸಮೀಪ; ನಾಯಕನು ಹೇಗೂ ವೈದ್ಯನಾದ್ದರಿಂದ ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಂಡನೆಂದರೆ ಆಯಿತು. ನಟನೊಬ್ಬನ ಅನಾರೋಗ್ಯದಿಂದ ಹುಟ್ಟಿದ ಈ ಉಪಾಯವೇ ಧಾರಾವಾಹಿಗೆ ಚಿರಂಜೀವಿತ್ವವನ್ನು ಕೊಟ್ಟಿತು. ಸಾವನ್ನು ಗೆಲ್ಲುವ ಮಂತ್ರವು ಋಷಿಗಳಿಗೆ ತಪಸ್ಸಿನಿಂದ ಸಿಕ್ಕಿತು, ಬಿ.ಬಿ.ಸಿ.ಯವರಿಗೆ ಪೇಚಿನಿಂದ ಸಿಕ್ಕಿತು. ಆದರೆ ಅದರೊಡನೆ ಒಂದು ವ್ಯಾಧಿಯೂ ಹುಟ್ಟಿತು. ಪ್ರತಿಯೊಂದು ಕಾಯಕಲ್ಪವಾದಾಗಲೂ ನಮ್ಮ ಜಾತಿಯವರು, ನೆನ್ನೆಯವರೆಗೆ ತಾವೇ ಮೂದಲಿಸುತ್ತಿದ್ದ ಹಳೆಯ ಡಾಕ್ಟರನ್ನು ನೆನೆದು ಕಣ್ಣೊರಸಿಕೊಂಡು, ‘ಅವರೇ ವಾಸಿ, ಇವನೇನು’ ಎನ್ನುತ್ತಾರೆ. ಅವನು ಹೋಗುವಾಗ ಅವನಿಗೂ ಅದೇ ಕಣ್ಣೀರು ಸಲ್ಲುತ್ತದೆ. ಹೊಸ ಸೊಸೆಯನ್ನು ಕುರಿತು ಅತ್ತೆಯರು ಹೇಳುವ ಮಾತಿಗೂ ಇದಕ್ಕೂ ಲಕ್ಷಣದಲ್ಲಿ ಭೇದವಿಲ್ಲ. (ಬಂಧುತ್ವದ ಮಾತು ಬಂದದ್ದರಿಂದ ಒಂದು ವಂಶಾವಳಿ: ಐದನೆಯ ಡಾಕ್ಟರ್ ಪೀಟರ್ ಡೇವಿಸನ್ನರ ಮಗಳು 2008ರಲ್ಲಿ ಹತ್ತನೆಯ ಡಾಕ್ಟರ್ ಡೇವಿಡ್ ಟೆನ್ನಂಟರ ಮಗಳಾಗಿ ನಟಿಸಿ, ಅನಂತರ ಅವರನ್ನೇ ಮದುವೆಯಾದರು. ಗೋತ್ರಪ್ರವರಗಳನ್ನು ಬಲ್ಲ ಪುರೋಹಿತರೊಬ್ಬರ ಮುಂದೆ ಈ ಸಂಗತಿಯನ್ನಿಟ್ಟೆ. ಅವರು ಪಂಚಾಂಗವನ್ನು ಮಡಿಸಿಟ್ಟು ಕಾಫಿ ಕೇಳಿದರು.)

ಇನ್ನು ಕಾಲನಿರ್ಣಯ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ತಲೆಮಾರುಗಳ ಕಾಲ ಸೆಣಸಿದ ನಾಡಿನವನಾದ ನನಗೆ, ಈ ಧಾರಾವಾಹಿಯಲ್ಲಿ ಅತ್ಯಂತ ಆನಂದವನ್ನು ಕೊಟ್ಟಿರುವ ಭಾಗ ಇದೇ. ಭೂಮಿಯನ್ನು ಅನ್ಯಲೋಕದವರಿಂದ ಕಾಯುವುದಕ್ಕೆಂದು ‘ಯುನಿಟ್’ ಎಂಬ ಸೈನ್ಯವೊಂದುಂಟು. ಅದರ ಮುಖ್ಯಸ್ಥ, ಮೀಸೆಯುಳ್ಳ ಬ್ರಿಗೇಡಿಯರ್ ಲೆಥ್‌ಬ್ರಿಜ್-ಸ್ಟುವರ್ಟ್. ಆತನ ಕಥೆಗಳು ನಡೆಯುವುದು ಯಾವ ಇಸವಿಯಲ್ಲಿ? ಎಪ್ಪತ್ತರ ದಶಕದಲ್ಲಿ ತೆಗೆದ ಆ ಕಥೆಗಳು ತುಸು ಮುಂದಿನ ಕಾಲದಲ್ಲಿ ನಡೆಯುತ್ತವೆಂಬುದು ಮೂಲ ಸಂಕಲ್ಪ. ಅದಕ್ಕನುಗುಣವಾಗಿ 1975ರ ‘ಪಿರಮಿಡ್ಸ್ ಆಫ್ ಮಾರ್ಸ್’ ಎಂಬ ಕಥೆಯಲ್ಲಿ, ಬ್ರಿಗೇಡಿಯರನ ಸಮಕಾಲೀನಳಾದ ಸಾರಾ ಜೇನ್ ಎಂಬ ಪತ್ರಕರ್ತೆಯು ತಾನು 1980ನೆಯ ಇಸವಿಯವಳೆಂದು ಸ್ವಮುಖದಿಂದಲೇ ಹೇಳುತ್ತಾಳೆ. ಆಪ್ತವಾಕ್ಯ, ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇರೆ ಬೇಕೆ? ಆದರೆ 1983ರ ‘ಮಾಡ್ರಿನ್ ಅನ್‌ಡೆಡ್’ ಎಂಬ ಕಥೆಯು, ಅದೇ ಬ್ರಿಗೇಡಿಯರನು 1976ರಲ್ಲಿಯೇ ಸೈನ್ಯದಿಂದ ನಿವೃತ್ತನಾಗಿ, ರಾಣಿಯ ಆಳ್ವಿಕೆಯ ಬೆಳ್ಳಿಹಬ್ಬ ನಡೆಯುತ್ತಿದ್ದ 1977ರಲ್ಲಿ ಹುಡುಗರ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದನೆಂದು ಸಾಧಿಸಿ ತೋರಿಸುತ್ತದೆ. ಹಾಗಾದರೆ 1976ರಲ್ಲಿ ಮನೆಗೆ ಹೋದವನು ಸಾರಾಳ 1980ರಲ್ಲಿ ಸೈನ್ಯವನ್ನು ನಡೆಸುತ್ತಿದ್ದುದು ಹೇಗೆ? ಆತನು ಆ ಶಾಲೆಯಲ್ಲಿ ಕಲಿಸುತ್ತಿದ್ದ ವಿಷಯ ಗಣಿತವೆಂಬುದನ್ನು ಓದುಗರು ಗಮನಿಸಬೇಕು. ನಾನು ಈ ಪ್ರಶ್ನೆಗೆ ಎರಡನೆಯ ಪುಸ್ತಕದ ಹದಿನಾಲ್ಕು ಪುಟಗಳನ್ನು ವಿನಿಯೋಗಿಸಿ, ಎರಡು ರಾತ್ರಿ ನಿದ್ದೆಗೆಟ್ಟು, ಇನ್ನೇನು ನಿರ್ಣಯಕ್ಕೆ ಬಂದೆನೆನ್ನುವಾಗ 2008ರ ಕಂತೊಂದನ್ನು ನೋಡಿದೆ. ಅದರಲ್ಲಿ ಡಾಕ್ಟರನು ತಾನು ಯುನಿಟ್ಟಿನಲ್ಲಿ ಕೆಲಸ ಮಾಡಿದ್ದು ಎಪ್ಪತ್ತರ ದಶಕವೋ ಎಂಬತ್ತರ ದಶಕವೋ ತನಗೇ ನೆನಪಿಲ್ಲವೆಂಬ ಅರ್ಥದ ಮಾತೊಂದನ್ನು ಹೋಗುತ್ತ ಹೋಗುತ್ತ ಆಡಿಬಿಡುತ್ತಾನೆ. ಬರೆದವರು ನಮ್ಮವರೇ ಇರಬೇಕು. ನಮ್ಮ ನೋವು ತಿಳಿದವರೇ ಹೀಗೆ ನಗಬಲ್ಲರು.

ಅಟ್ಲಾಂಟಿಸ್ ನಗರದ ಪ್ರಶ್ನೆ ಇದಕ್ಕಿಂತ ಹಿರಿದು. ನಮ್ಮ ದ್ವಾರಕೆ ಮುಳುಗಿದ್ದು ಒಂದೇ ಸಲ, ಅದೂ ಯಾದವರೆಲ್ಲ ಹೊಡೆದಾಡಿಕೊಂಡು ಸತ್ತಮೇಲೆ. ಈ ಅಟ್ಲಾಂಟಿಸ್ ಆದರೋ, 1967ರ ಕಥೆಯಲ್ಲಿ ಸಮುದ್ರದ ತಳದಲ್ಲಿ ಹೇಗೋ ಉಳಿದುಕೊಂಡಿದ್ದು, ಜಾರೋಫ್ ಎಂಬ ಹುಚ್ಚು ವಿಜ್ಞಾನಿಯ ದೆಸೆಯಿಂದ ನೀರುಪಾಲಾಗುತ್ತದೆ. 1971ರಲ್ಲಿ ಕೊಂಬುಳ್ಳ ಅಸುರನೊಬ್ಬನು ಅದನ್ನು ತನ್ನ ಕುಲದವರು ಎಂದೋ ನಾಶಮಾಡಿದರೆಂದು ಹೇಳಿಕೊಳ್ಳುತ್ತಾನೆ. ಅದಾದ ಮರುವರ್ಷವೇ, ಅದೇ ನಿರ್ಮಾಪಕರ ಕೈಕೆಳಗೆ, ಕ್ರೋನೋಸ್ ಎಂಬ ಕಾಲಭಕ್ಷಕ ಪಕ್ಷಿಯು ಅದನ್ನು ನಮ್ಮ ಕಣ್ಣೆದುರಿಗೇ ಧ್ವಂಸಮಾಡುತ್ತದೆ. ಸ್ಕಾಟ್ಲೆಂಡಿನ ನೆಸ್ ಸರೋವರದ ಮೃಗಕ್ಕೂ ಹೀಗೆಯೇ 1975ರಲ್ಲಿ ಒಂದು, 1985ರಲ್ಲಿ ಮತ್ತೊಂದು, ಒಟ್ಟು ಎರಡು ಉತ್ಪತ್ತಿಗಳುಂಟು. ಇವೆಲ್ಲ ನನ್ನ ಬಲಗಡೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿವೆ. ಆದರೆ ಕೇಳಿ: ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದ ಮಿತ್ರರೊಬ್ಬರು, ಟಿ.ವಿ.ಯ ಮೇಲೆ ಕಣ್ಣುಹಾಯಿಸಿ, “ಏನ್ರೀ ಇದು, ಒಂದೇ ಊರನ್ನು ಮೂರು ಸಲ ಮುಳುಗಿಸೋದಾ!” ಎಂದು ನಕ್ಕರು. ಆ ಕ್ಷಣದಲ್ಲಿ ನನ್ನಲ್ಲಿ ಏನಾಯಿತೆಂಬುದನ್ನು ನಾನು ಇಂದಿಗೂ ಪರಿಶೀಲಿಸುತ್ತಿದ್ದೇನೆ. ಬಲಗಡೆಯ ಪುಟದಲ್ಲಿ ಅದೇ ಮಾತನ್ನು ಅವರಿಗಿಂತ ಕಟುವಾಗಿ ಬರೆದಿದ್ದವನು ಎದ್ದು ನಿಂತು, ಪುರಾಣಗಳಲ್ಲಿ ಪರಸ್ಪರವಿರುದ್ಧವಾದ ಕಥೆಗಳು ಬಂದಾಗ ವ್ಯಾಖ್ಯಾನಕಾರರು ‘ಕಲ್ಪಭೇದ’ವೆಂಬ ನ್ಯಾಯದಿಂದ ಅವನ್ನು ಹೊಂದಿಸುತ್ತಾರೆಂದೂ, ಒಂದು ಕಲ್ಪದಲ್ಲಿ ನಡೆದದ್ದು ಮತ್ತೊಂದು ಕಲ್ಪದಲ್ಲಿ ಬೇರೆ ರೀತಿಯಾಗಿ ನಡೆಯಬಹುದೆಂದೂ, ಕಾಲದಲ್ಲಿಯೇ ಓಡಾಡುವವನ ಕಥೆಯಲ್ಲಿ ಒಂದು ನಗರ ಮೂರು ಸಲ ಮುಳುಗದಿದ್ದರೇ ಆಶ್ಚರ್ಯವೆಂದೂ ಅರ್ಧಗಂಟೆಯ ಕಾಲ ಉಪನ್ಯಾಸ ಮಾಡಿದನು. ಮಿತ್ರರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಹೋದರು. ಸನಿಂದಭಕ್ತನ ಮೊದಲ ಲಕ್ಷಣ ಇದರಿಂದ ಸಿದ್ಧವಾಯಿತು: ನಿಂದೆಯು ಮನೆಯೊಳಗಿನ ಹಕ್ಕು, ಹೊರಗಿನವರು ಆ ಮಾತನ್ನೇ ಆಡಿದರೆ ಅದು ಅಪಚಾರ.

ಲುಪ್ತಗ್ರಂಥಗಳ ವಿಚಾರವನ್ನು ಹೇಳುವಾಗ ನಾನು ಹಾಸ್ಯವನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ವಿಡಿಯೋ ಟೇಪು ದುಬಾರಿಯಾಗಿದ್ದ, ತೋರಿಸಿದ್ದನ್ನು ಮತ್ತೆ ತೋರಿಸುವ ರೂಢಿಯೂ ಕಡಮೆಯಾಗಿದ್ದ ಕಾಲದಲ್ಲಿ, ಬಿ.ಬಿ.ಸಿ. ಸಂಸ್ಥೆಯವರು ಹಳೆಯ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿಕೊಂಡರು. ಹೊರದೇಶಗಳಿಗೆ ಮಾರಲೆಂದು ತೆಗೆದಿದ್ದ ಫಿಲ್ಮು ಪ್ರತಿಗಳನ್ನೂ ಅನೇಕವಾಗಿ ನಾಶಮಾಡಿದರು. ಮೊದಲ ಆರು ವರ್ಷಗಳ 253 ಕಂತುಗಳ ಪೈಕಿ ತೊಂಬತ್ತಕ್ಕಿಂತ ಹೆಚ್ಚಿನವು ಹೀಗೆ ಕಣ್ಮರೆಯಾದವು. ವಾರಿಸ್ ಹುಸೇನರು ಬಹುಪಾಲು ನಿರ್ದೇಶಿಸಿದ, 1964ರ ‘ಮಾರ್ಕೋ ಪೋಲೋ’ ಎಂಬ ಏಳು ಕಂತುಗಳ ಕಥೆಯ ಒಂದು ಕಂತೂ ಉಳಿದಿಲ್ಲ. ಹಾರ್ಟ್‌ನೆಲ್ಲರ ಕೊನೆಯ ಕಂತು ಕೂಡ ಇಲ್ಲ. ಆ ಪ್ರಸಿದ್ಧವಾದ ಕಾಯಕಲ್ಪದ ಕೆಲವು ಕ್ಷಣಗಳು ಮಾತ್ರ, ಮಕ್ಕಳ ಕಾರ್ಯಕ್ರಮವೊಂದರಲ್ಲಿ ಉದ್ಧೃತವಾಗಿದ್ದ ಕಾರಣದಿಂದ ಬದುಕಿವೆ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಹೋಗಿ, ಬೇರೆಯವರು ಲಕ್ಷ್ಯವಾಗಿ ಎತ್ತಿಕೊಂಡ ಪದ್ಯಗಳಷ್ಟೇ ನಮಗೆ ದಕ್ಕಿರುವಂತೆಯೇ ಇದು.

ಆದರೆ ಒಂದು ವಿಶೇಷವುಂಟು. ಕಳೆದುಹೋದ ಅಷ್ಟೂ ಕಂತುಗಳ ಧ್ವನಿ ಉಳಿದಿದೆ. ಉಳಿಸಿದವರು ಸಂಸ್ಥೆಯವರಲ್ಲ. ಅರವತ್ತರ ದಶಕದ ಶನಿವಾರಗಳಂದು, ಇಂಗ್ಲೆಂಡಿನ ಅಲ್ಲೊಂದು ಇಲ್ಲೊಂದು ಮನೆಯ ನಡುಕೋಣೆಯಲ್ಲಿ, ಟೆಲಿವಿಷನ್ನಿನ ಬಳಿ ಟೇಪ್ ರೆಕಾರ್ಡರನ್ನಿಟ್ಟುಕೊಂಡು ಕುಳಿತಿದ್ದ ಹುಡುಗರು. ಅವರಲ್ಲೊಬ್ಬನನ್ನು ನಾನು ಅನೇಕ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ: ತಾಯಿಗೆ ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುವಂತೆ ಹೇಳಿ, ತಮ್ಮನಿಗೆ ಕೆಮ್ಮಬಾರದೆಂದು ಕಣ್ಣು ಕೆಕ್ಕರಿಸಿ, ಸುರುಳಿ ತಿರುಗುವುದನ್ನೇ ನೋಡುತ್ತ ಉಸಿರು ಬಿಗಿಹಿಡಿದು ಕುಳಿತಿದ್ದಾನೆ, ಕಂತು ಮುಗಿದು ಗುಂಡಿ ಒತ್ತಿದ ಮರುಕ್ಷಣವೇ ತಮ್ಮನ ಕಡೆ ತಿರುಗಿ, ‘ಹೋದ ವಾರದ್ದೇ ಚೆನ್ನಾಗಿತ್ತು’ ಎನ್ನುತ್ತಾನೆ. ಈ ಕೊನೆಯ ಮಾತಿಗೆ ದಾಖಲೆಯಿಲ್ಲ. ಜಾತಿಯ ಬಲದಿಂದ ಊಹಿಸಿದ್ದೇನೆ.

ಇಲ್ಲದ ಗ್ರಂಥವನ್ನು ಹೊಗಳುವಷ್ಟು ಸುಲಭವಾದ ಕೆಲಸ ಬೇರಿಲ್ಲ. 1967ರ ‘ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬ ಕಥೆಯು ಕಳೆದುಹೋಗಿದ್ದಷ್ಟು ಕಾಲವೂ, ಹಿಂದೆ ಅದನ್ನು ಕಂಡವರ ಬಾಯಲ್ಲಿ ಬೆಳೆದು ಬೆಳೆದು ಧಾರಾವಾಹಿಯ ಶಿರೋರತ್ನವೆನಿಸಿಕೊಂಡಿತ್ತು. 1992ರಲ್ಲಿ ಹಾಂಗ್‌ಕಾಂಗಿನಿಂದ ಅದು ನಾಲ್ಕೂ ಕಂತುಗಳೊಡನೆ ಸುರಕ್ಷಿತವಾಗಿ ಮರಳಿ ಬಂತು. ಎಲ್ಲರೂ ನೋಡಿದರು. ಮೇಲಕ್ಕೆತ್ತಲ್ಪಟ್ಟ ಪಾತ್ರವನ್ನು ಹಿಡಿದಿದ್ದ ತಂತಿ ಕಣ್ಣಿಗೆ ಬಿತ್ತು. ಕಥೆ ಚೆನ್ನಾಗಿಯೇ ಇದ್ದಿತೆಂದು ನನ್ನ ಅಭಿಪ್ರಾಯ. ಆದರೆ ಕಾಣದಿದ್ದಾಗ ಇದ್ದಷ್ಟು ಚೆನ್ನಾಗಿರುವುದು ಯಾವ ಕಥೆಗೂ ಸಾಧ್ಯವಿಲ್ಲ. ‘ಶೂದ್ರಕ’ದ ಓಲೆಗರಿ ನಾಳೆ ಯಾವುದಾದರೂ ಬಸದಿಯಲ್ಲಿ ಸಿಕ್ಕಿದರೆ ನಮ್ಮ ವಿದ್ವಾಂಸರು ಒಂದು ವಾರ ಸಿಹಿ ಹಂಚಿ, ಎರಡನೆಯ ವಾರ ಅದರ ಛಂದೋದೋಷಗಳನ್ನು ಪಟ್ಟಿಮಾಡುವರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಈಗ ಸನಿಂದಭಕ್ತಿಯ ಶಾಸ್ತ್ರಾಧಾರ. ನಮ್ಮ ದಾಸರು ನಿಂದಾಸ್ತುತಿಯೆಂಬ ಪ್ರಕಾರವನ್ನೇ ಬೆಳೆಸಿ, ದೇವರ ಹುಟ್ಟು ಸರಿಯಿಲ್ಲ, ನಡತೆ ಸರಿಯಿಲ್ಲ, ಸಂಸಾರ ಸರಿಯಿಲ್ಲವೆಂದು ತಾಳ ಹಾಕುತ್ತ ಹೇಳಿದ್ದಾರೆ. ಹೇಳಿ ಮುಗಿಸಿ ಅಂಕಿತದಲ್ಲಿ ಅವನ ಹೆಸರನ್ನೇ ಇಟ್ಟಿದ್ದಾರೆ. ಜಯವಿಜಯರ ಕಥೆ ಇನ್ನೂ ಸ್ಪಷ್ಟ: ಏಳು ಜನ್ಮ ಭಕ್ತರಾಗಿರುವಿರೋ ಮೂರು ಜನ್ಮ ವೈರಿಗಳಾಗಿರುವಿರೋ ಎಂದಾಗ, ಬೇಗ ಹಿಂದಿರುಗಬಹುದೆಂದು ವೈರವನ್ನೇ ಆರಿಸಿಕೊಂಡರಂತೆ. ದ್ವೇಷದಿಂದ ಮುಕ್ತಿಯಿಲ್ಲವೆಂದು ಮಾಧ್ವರು ಇದನ್ನು ಬಲವಾಗಿ ಆಕ್ಷೇಪಿಸುವುದುಂಟು, ಮತ್ತು ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಸನಿಂದಭಕ್ತನು ದ್ವೇಷಿಯಲ್ಲ. ದ್ವೇಷಿಯು ಟಿ.ವಿ. ಆರಿಸಿ ಮಲಗಿಕೊಳ್ಳುತ್ತಾನೆ.

ದೃಷ್ಟಾಂತಗಳು ಬೇಕಾದಷ್ಟಿವೆ. 1976ರ ‘ದಿ ಡೆಡ್ಲಿ ಅಸ್ಯಾಸಿನ್’ ಎಂಬ ಕಥೆಯಲ್ಲಿ, ಅದುವರೆಗೆ ದೇವಸದೃಶರೆಂದು ತೋರುತ್ತಿದ್ದ ಕಾಲಪ್ರಭುಗಳನ್ನು, ನಮ್ಮ ಯಾವುದಾದರೂ ಹಳೆಯ ಸಂಸ್ಥೆಯ ಆಡಳಿತಮಂಡಲಿಯಂತೆ ತೂಕಡಿಸುವ, ಪಿತೂರಿ ಮಾಡುವ ಮುದುಕರನ್ನಾಗಿ ತೋರಿಸಿ, ಅವರಿಗೆ ಕಾಯಕಲ್ಪಗಳು ಹನ್ನೆರಡೇ ಎಂಬ ಮಿತಿಯನ್ನೂ ಹಾಕಿದರು. ಅದೇ ವರ್ಷ ಹುಟ್ಟಿದ ಅಭಿಮಾನಿ ಸಂಘದ ಅಧ್ಯಕ್ಷರು, ಈ ಧಾರಾವಾಹಿಯ ಮಾಯೆಯೆಲ್ಲ ಎಲ್ಲಿ ಹೋಯಿತೆಂದು ಮರುಗಿ ಉಗ್ರವಾದ ವಿಮರ್ಶೆಯೊಂದನ್ನು ಬರೆದರು. ಇಂದು ಆ ಕಥೆಯು ಪ್ರಮಾಣಗ್ರಂಥ. ಮುಂದೆ ಬಂದವರು ಆ ಹನ್ನೆರಡರ ಮಿತಿಯನ್ನು ಮೀರುವುದಕ್ಕೆ 2013ರ ಕ್ರಿಸ್ಮಸ್ಸಿನ ಕಂತಿನಲ್ಲಿ ಪಟ್ಟ ಪಾಡನ್ನು ನೋಡಿದರೆ, ಬೈಸಿಕೊಂಡ ಶಾಸನವೇ ಬಹುಕಾಲ ಬಾಳುತ್ತದೆಂದು ತೋರುತ್ತದೆ. 1996ರ ಚಲನಚಿತ್ರವು ಡಾಕ್ಟರನಿಗೆ ತಾಯಿಯ ಕಡೆಯಿಂದ ಮಾನವರಕ್ತವನ್ನು ಹಚ್ಚಲೆತ್ನಿಸಿತು. ಆ ಭಾಗವನ್ನು ನಮ್ಮವರು ಒಕ್ಕೊರಲಿನಿಂದೆಂಬಂತೆ ಪ್ರಕ್ಷಿಪ್ತವೆಂದು ತೀರ್ಮಾನಿಸಿ, ಚಿತ್ರದ ಉಳಿದೆಲ್ಲವನ್ನೂ ಇಟ್ಟುಕೊಂಡರು. 1999ರಲ್ಲಿ ಸ್ಟೀವನ್ ಮಾಫಟ್ ಎಂಬ ಅಭಿಮಾನಿ ಲೇಖಕರು ಧರ್ಮಾರ್ಥ ಕಾರ್ಯಕ್ರಮವೊಂದಕ್ಕೆ ಡಾಕ್ಟರನ ಒಂದು ಅಣಕುಪ್ರಸಂಗವನ್ನು ಬರೆದು, ಕೊನೆಯಲ್ಲಿ ಅವನನ್ನು ಹೆಂಗಸಾಗಿಸಿ ನಗಿಸಿದರು. ಹದಿನೆಂಟು ವರ್ಷಗಳ ಬಳಿಕ, ಅದೇ ಮಾಫಟ್ಟರು ಧಾರಾವಾಹಿಯ ಯಜಮಾನಿಕೆಯಿಂದ ಇಳಿಯುವ ಕಂತಿನ ಕೊನೆಯಲ್ಲಿ, ಅದು ಅಣಕವಿಲ್ಲದೆ ನಡೆಯಿತು. ಅಣಕು ಪ್ರಬಂಧಗಳನ್ನು ಬರೆಯುವವರು ಎಚ್ಚರದಿಂದಿರಬೇಕೆಂಬುದಕ್ಕೆ ಇದು ನನಗೆ ನಾನೇ ಹೇಳಿಕೊಂಡ ಸೂಚನೆ.

ಎಲ್ಲಕ್ಕಿಂತ ಮಿಗಿಲಾದ ದೃಷ್ಟಾಂತ 1986ರ ಡಿಸೆಂಬರಿನದು. ಆ ವರ್ಷದ ಕಥಾಮಾಲೆ ಮುಗಿದ ಕೂಡಲೇ, ಬಿ.ಬಿ.ಸಿ.ಯವರದೇ ಚರ್ಚಾ ಕಾರ್ಯಕ್ರಮವೊಂದರಲ್ಲಿ, ಕೊನೆಯ ಕಂತನ್ನು ಬರೆದ ಪಿಪ್ ಮತ್ತು ಜೇನ್ ಬೇಕರ್ ದಂಪತಿಗಳೊಡನೆ ವಾದಿಸಲು ಅಭಿಮಾನಿ ಸಂಘದ ಕೆಲವು ಹುಡುಗರನ್ನು ಕರೆದಿದ್ದರು. ಅವರಲ್ಲಿ ಹದಿನಾರು ವರ್ಷದ ಒಬ್ಬ ಹುಡುಗನು, ನೆಟ್ಟನೋಟದಲ್ಲಿ ನೋಡುತ್ತ, ಕಥೆ ಸವಕಲಾಗಿತ್ತೆಂದೂ ಇದಕ್ಕಿಂತ ಎಷ್ಟೋ ಚೆನ್ನಾಗಿ ಬರೆಯಬಹುದಾಗಿತ್ತೆಂದೂ ಅರ್ಥ ಬರುವಂತೆ, ಬರೆದವರ ಎದುರಿಗೇ ಹೇಳಿದನು. ಹುಡುಗನ ಹೆಸರು ಕ್ರಿಸ್ ಚಿಬ್‌ನಲ್. 2018ರಲ್ಲಿ ಆ ಧಾರಾವಾಹಿಯ ಪ್ರಧಾನ ಲೇಖಕನೂ ಯಜಮಾನನೂ ಆಗಿ ಬಂದವನು ಅವನೇ. 2020ರ ಮಾರ್ಚ್ 1ರಂದು ತೋರಿಸಿದ ಕಂತಿನಲ್ಲಿ ಅವನು, ಡಾಕ್ಟರನು ಗ್ಯಾಲಿಫ್ರೆಯವನೇ ಅಲ್ಲ, ಬೇರೆಲ್ಲಿಂದಲೋ ಬಂದ ಅನಾಥ ಶಿಶು, ಹಾರ್ಟ್‌ನೆಲ್ಲರಿಗೂ ಹಿಂದೆ ನೆನಪಿಲ್ಲದ ಎಷ್ಟೋ ಜನ್ಮಗಳನ್ನು ಬಾಳಿದವನು ಎಂದು ಐವತ್ತಾರು ವರ್ಷಗಳ ಪುರಾಣದ ತಳಹದಿಯನ್ನೇ ಅಗೆದು ತೋರಿಸಿದನು. ನಮ್ಮವರಲ್ಲಿ ಅನೇಕರು, 1986ರ ಹುಡುಗನು ಆಡಿದ ಮಾತನ್ನೇ, ಹೆಚ್ಚುಕಡಮೆ ಅದೇ ಧಾಟಿಯಲ್ಲಿ, ಅವನಿಗೇ ಹಿಂದಿರುಗಿಸಿದರು. ನಾನೂ ಆ ಕಂತನ್ನು ಕಂಡ ರಾತ್ರಿ ‘ಇದು ಅನ್ಯಾಯ’ ಎಂದು ಬರೆದು ಮೂರು ಗೆರೆ ಎಳೆದೆ. ಮೂರನೆಯ ಗೆರೆಗೆ ಕಾಗದ ಹರಿಯಿತು. ಆದರೆ ಮರುದಿನ ಬೆಳಿಗ್ಗೆ ಒಂದು ಸಂಗತಿ ಹೊಳೆದು ಹಲ್ಲುಜ್ಜುವುದನ್ನು ನಿಲ್ಲಿಸಿದೆ. 1976ರ ಜನವರಿಯಲ್ಲಿ ಪ್ರಸಾರವಾದ ‘ಬ್ರೇನ್ ಆಫ್ ಮಾರ್ಬಿಯಸ್’ ಎಂಬ ಕಥೆಯ ಮನೋಯುದ್ಧದ ದೃಶ್ಯದಲ್ಲಿ, ಹಾರ್ಟ್‌ನೆಲ್ಲರಿಗಿಂತ ಹಿಂದಿನ ಎಂಟು ಅಪರಿಚಿತ ಮುಖಗಳು ಮಿಂಚಿ ಮರೆಯಾಗುತ್ತವೆ. ವೇಷ ಹಾಕಿಕೊಂಡು ಹಾಗೆ ಮುಖ ತೋರಿಸಿದವರು ನಿರ್ಮಾಪಕ, ನಿರ್ದೇಶಕ ಮೊದಲಾದ ತೆರೆಯ ಹಿಂದಿನವರೇ. ಆ ಮುಖಗಳು ಡಾಕ್ಟರನವೋ ಅವನ ಶತ್ರುವಿನವೋ ಎಂದು ನಾಲ್ವತ್ತು ವರ್ಷಗಳಿಗೂ ಮೀರಿ ನಡೆದ ವ್ಯಾಖ್ಯಾನಕಲಹವನ್ನು ಈ ಹುಡುಗನು ಒಂದೇ ಏಟಿಗೆ ಮುಗಿಸಿದ್ದನು. ಬಾಯಲ್ಲಿ ನೊರೆಯಿದ್ದಂತೆಯೇ ಹೋಗಿ ಪುಸ್ತಕ ತೆರೆದು, ಎಡಗಡೆಯ ಪುಟದಲ್ಲಿ, ಹಾಲು ಅರ್ಧ ಲೀಟರು ಎಂಬ ಬರಹದ ಕೆಳಗೆ, ‘ಆದರೂ ಜಾಣ’ ಎಂದು ಬರೆದೆ.

ಮನೆಯಾಕೆ ಅದನ್ನು ನೋಡಿದಳು. ಹಾಲಿನವನನ್ನು ಕುರಿತು ಬರೆದದ್ದೆಂದು ತಿಳಿದಳು. ನಾನು ತಿದ್ದಲಿಲ್ಲ. ಹೀಗಾಗಿ ಆಕೆಯ ಪೂರ್ವಪಕ್ಷಕ್ಕೆ ಕೊಡಬೇಕಾದ ಸಿದ್ಧಾಂತೋತ್ತರ ಇಂದಿನವರೆಗೂ ಕೊಡಲ್ಪಟ್ಟಿಲ್ಲ. ಈ ಗ್ರಂಥದಲ್ಲಿಯೂ ಕೊಡುವವನಿದ್ದೆ, ಅಷ್ಟರಲ್ಲಿ ಹೋದ ಗುರುವಾರದ ಒಂದು ಪ್ರಸಂಗ ಅಡ್ಡ ಬಂತು.

ದೊಡ್ಡಮ್ಮನವರಿಗೆ ಈಗ ಎಂಬತ್ತೆಂಟು. ಮಳೆಗಾಲಕ್ಕೆಂದು ನಮ್ಮಲ್ಲಿಗೆ ಬಂದಿದ್ದಾರೆ. ಸಂಜೆ ದೀಪ ಹಚ್ಚಿದಮೇಲೆ ಸೋಫಾದ ಮೂಲೆಯಲ್ಲಿ ಕಾಲು ಮಡಿಸಿ ಕುಳಿತು, ಮಡಿಲಲ್ಲಿ ಹತ್ತಿಯ ಗಂಟಿಟ್ಟುಕೊಂಡು ಬತ್ತಿ ಹೊಸೆಯುತ್ತ, ನಾನು ಹಾಕಿದ ಡಿ.ವಿ.ಡಿ.ಯನ್ನು ನೋಡುತ್ತಾರೆ. ಇಂಗ್ಲಿಷು ಬಾರದ್ದರಿಂದ ನಾನು ಪಕ್ಕದಲ್ಲಿ ಕುಳಿತು ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಅವರು ನನಗೆ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದ ಕಥೆ ಹೇಳುತ್ತಿದ್ದರು, ಈಗ ಸರದಿ ನನ್ನದು. ಅಂದು ಹಾಕಿದ್ದು 1972ರ ‘ಟೈಮ್ ಮಾನ್‌ಸ್ಟರ್’. ಕ್ರೋನೋಸನು ರೆಕ್ಕೆ ಬಡಿದು ಅಟ್ಲಾಂಟಿಸಿನ ಕಂಬಗಳು ಉರುಳತೊಡಗಿದಾಗ ದೊಡ್ಡಮ್ಮನ ಕೈ ನಿಂತಿತು.

“ಈ ಊರನ್ನ ಹೋದ ತಿಂಗಳೂ ಮುಳುಗಿಸಿದ್ರಲ್ಲೋ?”

ನಾನು ಕತ್ತು ನೇರಮಾಡಿಕೊಂಡು, “ದೊಡ್ಡಮ್ಮ, ಅದು ಕಲ್ಪಭೇದ. ಒಂದು ಕಲ್ಪದಲ್ಲಿ...” ಎಂದು ಆರಂಭಿಸಿದೆ.

“ಸುಮ್ನಿರೋ, ಸುಳ್ಳು ಹೇಳ್ಬೇಡ. ಬರೆದೋನಿಗೆ ಮರೆತುಹೋಗಿದೆ.” ಅಡಿಗೆಮನೆಯ ಬಾಗಿಲಲ್ಲಿ ಮನೆಯಾಕೆ ಸೆರಗನ್ನು ಬಾಯಿಗೊತ್ತಿಕೊಂಡಳು. ದೊಡ್ಡಮ್ಮ ಬೆರಳಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು ಇನ್ನೊಂದು ಬತ್ತಿಯನ್ನು ಹೊಸೆದು, ತಟ್ಟೆಯಲ್ಲಿಟ್ಟು, ತೆರೆಯ ಕಡೆ ಗದ್ದ ಎತ್ತಿ ತೋರಿಸಿದರು.

“ಹೂಂ. ಆಮೇಲೆ?”